ಸೋತ ಕಂಠದ ಗೆಲುವು

ಸಿನಿಮಾದಲ್ಲಿ ಶಾಸ್ತ್ರೀಯ ಸಂಗೀತವೆಂದೊಡನೆ ನಮ್ಮಲ್ಲಿ ಅನೇಕರ ನೆನಪಿಗೆ ಬರುವುದು ಸ್ಪರ್ಧೆಯ ದೃಶ್ಯ. ತುಂಬಿದ ಸಭೆ, ಇದಿರುಬದಿರು ಕುಳಿತ ಇಬ್ಬರು ಗಾಯಕರು. ಕೊನೆಗೆ ಒಬ್ಬನಿಗೆ ಜಯ, ಇನ್ನೊಬ್ಬನಿಗೆ ಪರಾಭವ. ರಾಗಕ್ಕೂ ಕುಸ್ತಿಯ ಗರಡಿಗೂ ಏನು ಸಂಬಂಧವೆಂದು ನಾನು ಬಹುಕಾಲ ಮೂಗುಮುರಿದವನು. ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದೆ ಹಾಗೆಂದು ಹೇಳಿದ್ದೂ ಉಂಟು. ಈಗ ಆ ಮಾತನ್ನು ತಿದ್ದಿಕೊಳ್ಳಬೇಕೆಂದು ತೋರುತ್ತದೆ.

1952ರಲ್ಲಿ ತೆರೆಕಂಡ ‘ಬೈಜೂ ಬಾವ್ರಾ’ವನ್ನೇ ನೋಡಿ. ಸಂಗೀತ ನಿರ್ದೇಶಕರು ನೌಷಾದ್. ಅಕ್ಬರನ ಆಸ್ಥಾನದಲ್ಲಿ ತಾನಸೇನನಿಗೂ ಬೈಜೂವಿಗೂ ದೇಸಿ ರಾಗದಲ್ಲಿ ಸ್ಪರ್ಧೆ. ತಾನಸೇನನಿಗೆ ಉಸ್ತಾದ್ ಅಮೀರ್ ಖಾನರ ಕಂಠ, ಬೈಜೂವಿಗೆ ಪಂಡಿತ ಡಿ. ವಿ. ಪಲುಸ್ಕರರ ಕಂಠ. ಕಥೆಯಂತೆ ಬೈಜೂ ಗೆಲ್ಲಬೇಕು. ಎಂದರೆ ಅಮೀರ್ ಖಾನರು ತಮಗಿಂತ ಕಿರಿಯರೊಬ್ಬರ ಮುಂದೆ ಸೋಲಬೇಕು. ಅವರು ಅದಕ್ಕೆ ಒಪ್ಪಿ ಹಾಡಿದರು. ಮೂರೇ ವರ್ಷಗಳಲ್ಲಿ, 1955ರಲ್ಲಿ, ಮೂವತ್ತನಾಲ್ಕರ ಹರೆಯದ ಪಲುಸ್ಕರರು ತೀರಿಕೊಂಡರು. ಸಂಗೀತ ಕಛೇರಿಯ ಹೊಸ್ತಿಲನ್ನೇ ತುಳಿಯದ ಜನರ ಕಿವಿಗೂ ಆ ಕಂಠ ತಲುಪಿದ್ದರಲ್ಲಿ ಈ ಚಿತ್ರದ ಪಾಲು ಸಣ್ಣದಲ್ಲ.

ಎರಡನೆಯ ನಿದರ್ಶನ ನಮಗೆ ಇನ್ನೂ ಹತ್ತಿರದ್ದು. 1956ರ ‘ಬಸಂತ್ ಬಹಾರ್’ ಹಿಂದಿ ಚಿತ್ರವಾದರೂ ಅದರ ಮೂಲ ತ. ರಾ. ಸುಬ್ಬರಾಯರ ಕನ್ನಡ ಕಾದಂಬರಿ ‘ಹಂಸಗೀತೆ’. ಶಂಕರ್-ಜೈಕಿಶನ್ ಅದರ ಸಂಗೀತ ನಿರ್ದೇಶಕರು. ಅಲ್ಲಿಯೂ ಒಂದು ಸ್ಪರ್ಧೆ. ನಾಯಕನಿಗೆ ಮನ್ನಾ ಡೇ ಹಾಡಬೇಕು, ಪ್ರತಿಸ್ಪರ್ಧಿಗೆ ನಮ್ಮ ಗದಗಿನ ಭೀಮಸೇನ ಜೋಶಿ, ಗೆಲ್ಲಬೇಕಾದವನು ನಾಯಕ. ವಿಷಯ ತಿಳಿದು ಮನ್ನಾ ಡೇ ದಿಗಿಲುಬಿದ್ದರು. ಊರು ಬಿಟ್ಟು ಓಡಿಹೋಗೋಣವೆಂದು ಮಡದಿಯೊಡನೆ ಹೇಳಿಕೊಂಡದ್ದನ್ನು ಅವರೇ ಮುಂದೆ ನೆನೆದಿದ್ದಾರೆ. ಆಕೆ ಧೈರ್ಯ ಹೇಳಿದರು, ಮನ್ನಾ ಡೇ ಶ್ರಮಪಟ್ಟು ಅಭ್ಯಾಸ ಮಾಡಿದರು, ಹಾಡು ಮುದ್ರಣವಾಯಿತು. ‘ಸೋತ’ ಭೀಮಸೇನರು ‘ಗೆದ್ದ’ ಮನ್ನಾ ಡೇ ಅವರ ಗಾಯನವನ್ನು ಮನಸಾರೆ ಮೆಚ್ಚಿದರು. ಇಂದು ಆ ಹಾಡನ್ನು ಕೇಳುವಾಗ ಗೆದ್ದವರು ಯಾರೆಂಬುದು ನಮಗೆ ಮುಖ್ಯವೆನಿಸುತ್ತದೆಯೇ? ಕಿವಿಯಲ್ಲಿ ಉಳಿಯುವುದು ಎರಡು ಕಂಠಗಳೂ ಕೂಡಿ ಕಟ್ಟಿದ ವಸಂತ.

ಅದೇ ‘ಹಂಸಗೀತೆ’ ಹತ್ತೊಂಬತ್ತು ವರ್ಷಗಳ ಅನಂತರ, 1975ರಲ್ಲಿ, ಜಿ. ವಿ. ಅಯ್ಯರ್ ಅವರ ನಿರ್ದೇಶನದಲ್ಲಿ ಕನ್ನಡದ ತೆರೆಗೆ ಬಂದಿತು. ಅನಂತನಾಗ್ ನಾಯಕ, ಸಂಗೀತ ಎಂ. ಬಾಲಮುರಳೀಕೃಷ್ಣ ಮತ್ತು ಬಿ. ವಿ. ಕಾರಂತರದು. ಇದರ ಗಾಯನಕ್ಕಾಗಿ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಭೈರವಿ ರಾಗದಿಂದಲೇ ಹೆಸರಾದ, ಚಿತ್ರದುರ್ಗ ಸೀಮೆಯ ವೆಂಕಟಸುಬ್ಬಯ್ಯನೆಂಬ ಗಾಯಕನ ಐತಿಹ್ಯ ಇದರ ಬೀಜ. ದೇವರಿಗೆ ಮೀಸಲಾದ ಕಂಠ ಆಳುವವನ ಅಪ್ಪಣೆಗೆ ಹಾಡಲಾರದೆಂದು ಆತ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆನ್ನುತ್ತದೆ ಆ ಐತಿಹ್ಯ.

ಆಗ ನಾನು ಹೈಸ್ಕೂಲಿನ ಹುಡುಗ. ನಮ್ಮೂರಿನ ಚಿತ್ರಮಂದಿರದಲ್ಲಿ ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಜೊತೆಗಿದ್ದ ತಂದೆಯವರು ಆಟ ಮುಗಿದು ಮನೆ ಸೇರುವವರೆಗೂ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಬೆಳಗ್ಗೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತ ಅವರು ಮೆಲ್ಲಗೆ ಗುನುಗುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅವರು ಹಾಡಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ನಾನು ಹೊರಗೆ ಬಂದುದನ್ನು ಕಂಡು ನಿಲ್ಲಿಸಿಬಿಟ್ಟರು, ಮತ್ತೆಂದೂ ಹಾಡಲಿಲ್ಲ. ಯಾರ ಅಪ್ಪಣೆಗೂ ಅಲ್ಲದೆ, ಯಾರ ಮೆಚ್ಚುಗೆಗೂ ಅಲ್ಲದೆ ಹಾಡುವುದೆಂದರೇನೆಂದು ನನಗೆ ತಿಳಿದದ್ದು ತೆರೆಯ ಮೇಲಿನ ವೆಂಕಟಸುಬ್ಬಯ್ಯನಿಂದ ಎಷ್ಟೋ, ಆ ಬಾವಿಕಟ್ಟೆಯಿಂದಲೂ ಅಷ್ಟೇ.

ಒಂದೇ ಕನ್ನಡ ಕಾದಂಬರಿ ಹೀಗೆ ಎರಡು ಚಿತ್ರಗಳಾಯಿತು. ಒಂದರಲ್ಲಿ ಹಿರಿಯ ಗಾಯಕನೊಬ್ಬ ಕಥೆಗಾಗಿ ಸೋಲನ್ನು ಹಾಡಿದ. ಇನ್ನೊಂದರಲ್ಲಿ ಹಿರಿಯ ಗಾಯಕನೊಬ್ಬ ಹಾಡನ್ನೇ ತ್ಯಜಿಸಿದವನಿಗೆ ದನಿಯಾದ. ಅಹಂಕಾರವನ್ನು ಬದಿಗಿಡದೆ ಇವೆರಡೂ ಸಾಧ್ಯವಿಲ್ಲ. ತಮ್ಮ ಮುಖವನ್ನು ಮರೆಮಾಡಿ, ಪರರ ತುಟಿಗೆ ನಾದವನ್ನು ಧಾರೆಯೆರೆದ ಈ ಮಹನೀಯರನ್ನು ನೆನೆದಾಗ, ನಾನು ಮೂಗುಮುರಿದ ಆ ಗರಡಿಯೂ ಒಂದು ದೇಗುಲವೇ ಆಗಿತ್ತೆಂದು ಅನ್ನಿಸುತ್ತದೆ.