ರೆಸ್ಯೂಮೆ ಬರೆಯುವುದು ಹೇಗೆ? ಗಡಿಭಾಗದ ಉದ್ಯೋಗಾಕಾಂಕ್ಷಿಗಳಿಗೆ ಮಾಹಿತಿ

ಹುಲಜಂತಿ: ಸೊಲ್ಲಾಪುರ ಜಿಲ್ಲೆಯ ಮಂಗಳವೇಢಾ ತಾಲೂಕಿನ ಈ ಗಡಿಗ್ರಾಮದಲ್ಲಿ ಮನೆಮಾತು ಕನ್ನಡ, ಸರಕಾರಿ ಕಚೇರಿಯ ಮಾತು ಮರಾಠಿ. ಐಟಿಐ ಅಥವಾ ಡಿಗ್ರಿ ಮುಗಿಸಿದ ಇಂಥ ಊರುಗಳ ಯುವಕ-ಯುವತಿಯರು ಒಂದು ಕಡೆ ಸೊಲ್ಲಾಪುರ, ಪುಣೆಗೂ ಇನ್ನೊಂದು ಕಡೆ ವಿಜಯಪುರ, ಬೆಂಗಳೂರಿಗೂ ನೌಕರಿಗೆ ಅರ್ಜಿ ಹಾಕುತ್ತಾರೆ. ನೌಕರಿ ಕೊಡುವವರು ಅಭ್ಯರ್ಥಿಯ ಮುಖ ನೋಡುವ ಮೊದಲು ನೋಡುವುದು ಅವರ ರೆಸ್ಯೂಮೆಯನ್ನು. ಅಲ್ಲಿ ಗಡಿಭಾಗದವರ ದೊಡ್ಡ ಬಲವಾದ ಎರಡು ಭಾಷೆಗಳ ಬಳಕೆ ಎದ್ದು ಕಾಣದಿದ್ದರೆ, ಅರ್ಜಿ ನೂರರಲ್ಲಿ ಒಂದಾಗಿ ಉಳಿಯುತ್ತದೆ.

ಮೊದಲ ನೋಟ ಎಷ್ಟು ಹೊತ್ತು?

ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ಜಾಲತಾಣ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ನೇಮಕಾತಿ ಮಾಡುವವರು ಒಂದು ರೆಸ್ಯೂಮೆಯ ಮೇಲೆ ಮೊದಲ ಸಲ ಕಣ್ಣಾಡಿಸುವ ಸಮಯ ಸರಾಸರಿ 7.4 ಸೆಕೆಂಡು ಎಂದು ಅದರಲ್ಲಿ ಕಂಡುಬಂತು. ಆದ್ದರಿಂದ ಮುಖ್ಯ ವಿಷಯಗಳೆಲ್ಲ ಪುಟದ ಮೇಲ್ಭಾಗದಲ್ಲೇ ಇರಬೇಕು. ಹೊಸದಾಗಿ ನೌಕರಿ ಹುಡುಕುವವರಿಗೆ ಒಂದೇ ಪುಟ ಸಾಕು.

ಮದುವೆಯ ಬಯೋಡೇಟಾ ಬೇರೆ, ರೆಸ್ಯೂಮೆ ಬೇರೆ

ನಮ್ಮ ಕಡೆ ಬಯೋಡೇಟಾ ಎಂದರೆ ವಧು-ವರರ ಮಾಹಿತಿ ಪತ್ರ. ಎಷ್ಟೋ ಜನ ಅದೇ ಮಾದರಿಯಲ್ಲಿ ಜಾತಿ, ಎತ್ತರ, ಅಣ್ಣ-ತಮ್ಮಂದಿರ ವಿವರಗಳನ್ನು ನೌಕರಿಯ ಅರ್ಜಿಯಲ್ಲೂ ತುಂಬುತ್ತಾರೆ. ಖಾಸಗಿ ಕಂಪನಿಯ ಮೊದಲ ಅರ್ಜಿಗೆ ಇವು ಬೇಕಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನಂತೂ ಬರೆಯಲೇಬಾರದು. ಹೆಸರು, ಊರು, ಮೊಬೈಲ್, ಇ-ಮೇಲ್, ಯಾವ ಕೆಲಸಕ್ಕೆ ಅರ್ಜಿ ಎಂಬ ಒಂದು ಸಾಲು, ಕೌಶಲ್ಯ, ಅನುಭವ, ವಿದ್ಯಾಭ್ಯಾಸ - ಇಷ್ಟಿದ್ದರೆ ಸಾಕು.

ಕೇಳುವವರಿಗೆ ಏನು ಬೇಕು?

ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಆಡಳಿತಗಾರನಿಗೆ ಕೆಲಸ ಕೋರಿ ಬರೆದ ಪತ್ರವನ್ನು ಜಗತ್ತಿನ ಮೊದಲ ರೆಸ್ಯೂಮೆ ಎಂದು ಹಲವರು ಕರೆಯುತ್ತಾರೆ. ಅದರಲ್ಲಿ ಮೊದಲು ಬರುವುದು ಸೇತುವೆ ಮತ್ತು ಯುದ್ಧ ಯಂತ್ರಗಳ ಮಾತು; ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಗೆ. ದೊರೆಗೆ ಬೇಕಾದದ್ದನ್ನೇ ಅವನು ಮೊದಲು ಹೇಳಿದ್ದ. ಇಂದಿಗೂ ನಿಯಮ ಅದೇ. ಜಾಹೀರಾತಿನಲ್ಲಿ ಟ್ಯಾಲಿ ಬಲ್ಲವರು ಬೇಕು ಎಂದಿದ್ದರೆ ಟ್ಯಾಲಿ ಮೊದಲ ಸಾಲಿಗೆ ಬರಬೇಕು. ಎಲ್ಲ ಕಂಪನಿಗಳಿಗೂ ಒಂದೇ ಝೆರಾಕ್ಸ್ ಪ್ರತಿ ಕಳಿಸುವುದು ಒಳ್ಳೆಯದಲ್ಲ.

ಭಾಷೆಯ ಸಾಲು ಮೇಲೆ ಬರಲಿ

ಕನ್ನಡ ಮಾಧ್ಯಮದಲ್ಲಿ ಓದಿದ ಕೆಲವರು ಪುಣೆಯ ಕಂಪನಿಗೆ ಬರೆಯುವಾಗ ಕನ್ನಡವನ್ನು ಬಿಟ್ಟೇಬಿಡುತ್ತಾರೆ, ಬೆಂಗಳೂರಿಗೆ ಬರೆಯುವಾಗ ಮರಾಠಿಯನ್ನು ಬಿಡುತ್ತಾರೆ. ಇದು ಕೈಯಲ್ಲಿದ್ದ ಬಂಡವಾಳವನ್ನು ಬಚ್ಚಿಟ್ಟಂತೆ. ಎರಡೂ ರಾಜ್ಯಗಳಲ್ಲಿ ವ್ಯವಹಾರ ಇರುವ ಬ್ಯಾಂಕು, ವಿಮೆ, ಸಾರಿಗೆ, ಬೀಜ-ಗೊಬ್ಬರದ ಕಂಪನಿ, ಕಾಲ್ ಸೆಂಟರ್‌ಗಳಿಗೆ ಎರಡೂ ಕಡೆಯ ಗ್ರಾಹಕರೊಡನೆ ಮಾತಾಡುವವರು ಬೇಕು. ಭಾಷೆಗಳ ಹೆಸರು ಮಾತ್ರ ಬರೆದರೆ ಸಾಲದು. ಯಾವುದನ್ನು ಓದಲು, ಬರೆಯಲು, ಮಾತಾಡಲು ಬರುತ್ತದೆ ಎಂದು ಬಿಡಿಸಿ ಬರೆಯಬೇಕು. ಇಂಗ್ಲಿಷ್ ಸಾಧಾರಣ ಬಂದರೆ ಸಾಧಾರಣ ಎಂದೇ ಇರಲಿ.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಸ್ಥಳೀಯ ಭಾಷೆಯನ್ನು ಹತ್ತನೆಯ ತರಗತಿಯವರೆಗೆ ಓದಿರಬೇಕೆಂಬ ನಿಯಮವೇ ಇದೆ. ಖಾಸಗಿಯಲ್ಲಿ ಹಾಗೆ ಯಾರೂ ಮಾರ್ಕ್‌ಶೀಟ್ ತೆಗೆದು ನೋಡುವುದಿಲ್ಲ. ಅಭ್ಯರ್ಥಿಯೇ ಹೇಳಬೇಕು.

ಹೆಸರು, ಊರು, ಪದವಿ

ಮಹಾರಾಷ್ಟ್ರದ ದಾಖಲೆಗಳಲ್ಲಿ ಅಡ್ಡಹೆಸರು, ತಂದೆಯ ಹೆಸರು ಪೂರ್ತಿ ಇರುತ್ತವೆ. ಕರ್ನಾಟಕದಲ್ಲಿ ಇನಿಷಿಯಲ್ ಬರೆಯುವ ರೂಢಿ ಹೆಚ್ಚು. ರೆಸ್ಯೂಮೆಯಲ್ಲಿ ಒಂದು, ಹತ್ತನೆಯ ಮಾರ್ಕ್‌ಶೀಟಿನಲ್ಲಿ ಇನ್ನೊಂದು ಇದ್ದರೆ ದಾಖಲೆ ಪರಿಶೀಲನೆಯ ದಿನ ಕೈಗೆ ಬಂದ ನೌಕರಿ ತಡವಾಗಬಹುದು. ಹತ್ತನೆಯ ಮಾರ್ಕ್‌ಶೀಟಿನಲ್ಲಿರುವ ಹೆಸರನ್ನೇ ಅದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಕ್ಷೇಮ. ಊರಿನ ಹೆಸರಿಗೂ ಇದೇ ಮಾತು. ಕನ್ನಡದ ಉಚ್ಚಾರದಂತೆ ಹುಲಜಂತಿ ಎಂದು ಬರೆದರೆ ಇಂಗ್ಲಿಷಿನಲ್ಲಿ ‘ಎಲ್’ ನಂತರ ಒಂದು ‘ಎ’ ಬರುತ್ತದೆ, ಮರಾಠಿಯ ಉಚ್ಚಾರದಂತೆ ಬರೆದರೆ ಬರುವುದಿಲ್ಲ. ಆಧಾರ್‌ನಲ್ಲಿ ಹೇಗಿದೆಯೋ ಹಾಗೆ ಇರಲಿ.

ಸೊಲ್ಲಾಪುರ ವಿಶ್ವವಿದ್ಯಾಲಯ ಆರಂಭವಾದದ್ದು 2004ರಲ್ಲಿ. 2019ರಲ್ಲಿ ಅದಕ್ಕೆ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರು ಬಂತು. ಪದವಿ ಪತ್ರದ ಮೇಲೆ ಯಾವ ಹೆಸರು ಅಚ್ಚಾಗಿದೆಯೋ ಅದನ್ನೇ ಬರೆಯಬೇಕು. ಬೆಂಗಳೂರಿಗೆ ಕಳಿಸುವಾಗ ಎಚ್‌ಎಸ್‌ಸಿ ಎಂದಷ್ಟೇ ಬರೆಯದೆ ಹನ್ನೆರಡನೆಯ ತರಗತಿ, ಮಹಾರಾಷ್ಟ್ರ ಬೋರ್ಡ್ ಎಂದೂ ಸೇರಿಸಿದರೆ ಪಿಯುಸಿ ಮಾತ್ರ ಬಲ್ಲವರಿಗೂ ಕೂಡಲೇ ತಿಳಿಯುತ್ತದೆ.

ಅನುಭವ ಇಲ್ಲದವರು ಏನು ಬರೆಯಬೇಕು?

ಸಂಬಳದ ಕೆಲಸ ಮಾತ್ರ ಅನುಭವವಲ್ಲ. ಹುಲಜಂತಿಯ ಮಹಾಲಿಂಗರಾಯನ ದೀಪಾವಳಿ ಜಾತ್ರೆಗೆ ಮಹಾರಾಷ್ಟ್ರ, ಕರ್ನಾಟಕ ಮತ್ತು ಆಚೆಗಿನ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಅಲ್ಲಿ ವಾಹನ ನಿಲುಗಡೆ, ಪ್ರಸಾದ ಇಲ್ಲವೆ ಲೆಕ್ಕ-ಪತ್ರ ನೋಡಿಕೊಂಡವರು ಯಾವ ವರ್ಷ, ಯಾವ ಕೆಲಸ, ಎಷ್ಟು ಜನರೊಡನೆ ಎಂದು ಬರೆಯಬಹುದು. ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇಟ್ಟವರು, ಹೊಲಕ್ಕೆ ಡ್ರಿಪ್ ಕೂಡಿಸಿದವರು ಅದನ್ನೂ ಬರೆಯಬಹುದು. ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಮಾತಿಗಿಂತ ಇಂಥ ಒಂದು ಸಾಲಿಗೆ ತೂಕ ಹೆಚ್ಚು.

ಕಳಿಸುವ ಮುನ್ನ

* ಇ-ಮೇಲ್ ವಿಳಾಸದಲ್ಲಿ ಸ್ವಂತ ಹೆಸರಿರಲಿ, ಅಡ್ಡ ಹೆಸರು, ಬಿರುದು ಬೇಡ.
* ಫೈಲು ಪಿಡಿಎಫ್ ಆಗಿರಲಿ. ಫೈಲಿಗೂ ಅಭ್ಯರ್ಥಿಯ ಹೆಸರೇ ಇರಲಿ.
* ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನವರು ಮನೆಯವರ ಇನ್ನೊಂದು ನಂಬರ್ ಕೊಡಲಿ.
* ಇಂಗ್ಲಿಷ್ ತಪ್ಪುಗಳನ್ನು ತಿದ್ದಲು ಬಲ್ಲವರೊಬ್ಬರಿಗೆ ಓದಲು ಕೊಡಬೇಕು.
* ನೌಕರಿ ಕೊಡಿಸಲು ಮುಂಗಡ ಹಣ ಕೇಳುವವರಿಗೆ ರೆಸ್ಯೂಮೆಯನ್ನೂ ಕೊಡಬಾರದು, ಹಣವನ್ನೂ ಕೊಡಬಾರದು.
* ಬರದ ವಿದ್ಯೆಯನ್ನು ಬರುತ್ತದೆ ಎಂದು ಬರೆಯಬಾರದು. ಸಂದರ್ಶನದ ಮೊದಲ ಪ್ರಶ್ನೆ ಅದರ ಮೇಲೆಯೇ ಬರಬಹುದು.