ಹಡಗಿನ ಬಾಡಿಗೆಗೆ ಒತ್ತೆಯಾದ ಬದುಕು

ಅಮೆರಿಕವೆಂದರೆ ಅವಕಾಶಗಳ ನಾಡು ಎಂಬ ಮಾತನ್ನು ನೀವು ಕೇಳಿದ್ದೀರಿ. ಹದಿನೆಂಟನೆಯ ಶತಮಾನದ ಜರ್ಮನ್ ರೈತರೂ ಅದನ್ನೇ ಕೇಳಿದ್ದರು. 1681ರಲ್ಲಿ ವಿಲಿಯಂ ಪೆನ್‌ಗೆ ಸನ್ನದಿನ ಮೂಲಕ ದೊರೆತ ಪೆನ್ಸಿಲ್ವೇನಿಯದಲ್ಲಿ ಭೂಮಿ ವಿಪುಲ, ತೆರಿಗೆ ಹಗುರ, ಧರ್ಮಾಚರಣೆಗೆ ಸ್ವಾತಂತ್ರ್ಯವುಂಟು ಎಂದು ದಲ್ಲಾಳಿಗಳು ಹೇಳುತ್ತಿದ್ದರು. ಅದರಲ್ಲಿ ಸತ್ಯವೂ ಇತ್ತು. ಪ್ರಯಾಣದ ಕಷ್ಟವನ್ನು ಮಾತ್ರ ಅವರು ಮರೆಮಾಚುತ್ತಿದ್ದರು.

1750ರಲ್ಲಿ ಫಿಲಡೆಲ್ಫಿಯಕ್ಕೆ ಹೋಗಿ 1754ರಲ್ಲಿ ತಾಯ್ನಾಡಿಗೆ ಮರಳಿದ ಶಾಲಾಮಾಸ್ತರ ಗಾಟ್‌ಲೀಬ್ ಮಿಟ್ಟೆಲ್‌ಬರ್ಗರ್, ತಾನು ಕಂಡದ್ದನ್ನು 1756ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹಡಗಿನಲ್ಲಿ ಇಕ್ಕಟ್ಟು, ಕೆಟ್ಟ ನೀರು, ಹುಳು ಹಿಡಿದ ಆಹಾರ, ಜ್ವರ. ದಡ ಸೇರಿದರೂ ಬಾಡಿಗೆ ತೆರದವರು ಇಳಿಯುವಂತಿರಲಿಲ್ಲ. ಆ ಹಣ ಕೊಟ್ಟು ದುಡಿಮೆಗೆ ಒಯ್ಯುವ ಯಜಮಾನನಿಗಾಗಿ ಕಾಯಬೇಕಿತ್ತು. ವಯಸ್ಕರಿಗೆ 3ರಿಂದ 6 ವರ್ಷಗಳ ಜೀತ. ಚಿಕ್ಕ ಮಕ್ಕಳಿಗೆ 21 ತುಂಬುವವರೆಗೆ. ಅರ್ಧ ದಾರಿ ದಾಟಿದ ಮೇಲೆ ಗಂಡ ಸತ್ತರೆ ಅವನ ಬಾಡಿಗೆಯೂ ಹೆಂಡತಿಯ ತಲೆಗೇ ಬರುತ್ತಿತ್ತು. ಎಷ್ಟೋ ಕುಟುಂಬಗಳು ಹಡಗುಕಟ್ಟೆಯಲ್ಲೇ ಚದುರಿಹೋದವು.

ಆದರೂ ವಲಸೆ ನಿಲ್ಲಲಿಲ್ಲ. ಏಕೆ? ಈ ಜೀತಕ್ಕೆ ಒಂದು ಕೊನೆಯಿತ್ತು. ಅವಧಿ ಮುಗಿಸಿದ ಅನೇಕರು ಸ್ವಂತ ಹೊಲ ಕಂಡರು. 1764ರಲ್ಲಿ ಫಿಲಡೆಲ್ಫಿಯದ ಜರ್ಮನರು ಸಂಘ ಕಟ್ಟಿ, ಹೊಸದಾಗಿ ಬಂದವರ ನೆರವಿಗೆ ನಿಂತರು. ಆದರೆ ಎರಡು ಸಂಗತಿಗಳನ್ನು ಮರೆಯಬೇಡಿ: ಆಫ್ರಿಕದಿಂದ ಸಂಕೋಲೆ ತೊಡಿಸಿ ತಂದವರಿಗೆ ಅಂಥ ಅವಧಿಯೇ ಇರಲಿಲ್ಲ, ಆ ನೆಲ ಮೊದಲು ಲೆನಾಪೆ ಮೊದಲಾದ ಮೂಲನಿವಾಸಿಗಳದ್ದಾಗಿತ್ತು.

ಮಿಟ್ಟೆಲ್‌ಬರ್ಗರನ ಪುಸ್ತಕ ಓದಿದ ಬಡ ರೈತ ನೀವಾಗಿದ್ದರೆ, ಆ ಹಡಗು ಹತ್ತುತ್ತಿದ್ದಿರಾ? ಕಾರಣಸಹಿತ ತರಗತಿಯಲ್ಲಿ ಚರ್ಚಿಸಿ.