ಲಾನಾ ಡೆಲ್ ರೇ ಅಸಲಿಯೋ ನಕಲಿಯೋ: ಒಂದು ಆಲ್ಬಮ್ ಕೇಳಿದವರ ಕಥೆ

ಈ ಬರಹ ಹುಟ್ಟಿದ್ದು ನಮ್ಮ ನಮ್ಮಲ್ಲೇ ನಡೆದ ಒಂದು ಜಗಳದಿಂದ. ನಮ್ಮ ಗುಂಪಿನಲ್ಲಿ ಇಬ್ಬರಿಗೆ ಲಾನಾ ಡೆಲ್ ರೇ ಅಂದರೆ ಪ್ರಾಣ. ಒಬ್ಬನಿಗೆ ಆಕೆಯ ದನಿ ಕೇಳಿದ ಐದು ನಿಮಿಷಕ್ಕೆ ನಿದ್ದೆ ಬರುತ್ತದೆ. ಇನ್ನೊಬ್ಬಳದು ಬೇರೆಯದೇ ತಕರಾರು: ಹಾಡೇನೋ ಚೆನ್ನಾಗಿದೆ, ಆದರೆ ಆಕೆಯದೆಲ್ಲ ವೇಷ, ಆ ದುಃಖವನ್ನು ನಂಬೋಕಾಗಲ್ಲ. ಟೀ ತಣ್ಣಗಾಗುವವರೆಗೂ ವಾದ ಮಾಡಿ, ಕೊನೆಗೆ ಪತ್ರಿಕೋದ್ಯಮ ಓದಿದವರು ಮಾಡಬೇಕಾದ ಕೆಲಸಕ್ಕೇ ಕೈ ಹಾಕಿದೆವು. ಆಕೆಯನ್ನು ಜಗತ್ತಿಗೆ ಪರಿಚಯಿಸಿದ 'ಬಾರ್ನ್ ಟು ಡೈ' ಆಲ್ಬಮ್ 2012ರಲ್ಲಿ ಬಂದಾಗ ಯಾರು ಏನಂದಿದ್ದರು ಎಂದು ಹುಡುಕಿ ಓದಿದೆವು. ನಮ್ಮ ಜಗಳದ ಒಂದೊಂದು ಮಾತನ್ನೂ ಆಗಲೇ ಅಮೆರಿಕದವರು ಆಡಿ ಮುಗಿಸಿದ್ದರು, ನಮಗಿಂತ ಎಷ್ಟೋ ಪಾಲು ಕೆಟ್ಟದಾಗಿ.

ಮೊದಲು ಹಿನ್ನೆಲೆ. ಆಕೆಯ ನಿಜವಾದ ಹೆಸರು ಎಲಿಜಬೆತ್ ವುಲ್‌ರಿಜ್ ಗ್ರ್ಯಾಂಟ್. ಹುಟ್ಟಿದ್ದು 1985ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಅದೇ ರಾಜ್ಯದ ಉತ್ತರಕ್ಕೆ, ಬೆಟ್ಟಗಳ ನಡುವೆ ಇರುವ ಲೇಕ್ ಪ್ಲಾಸಿಡ್ ಎಂಬ ಊರಿನಲ್ಲಿ. 1932 ಮತ್ತು 1980ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಹೆಸರು ಜಗತ್ತಿಗೆಲ್ಲ ಗೊತ್ತು, ಜನಸಂಖ್ಯೆ ಮಾತ್ರ ನಮ್ಮ ಒಂದು ಸಾಧಾರಣ ಹಳ್ಳಿಯಷ್ಟೇ. ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತ, ಸಣ್ಣ ಕ್ಲಬ್ಬುಗಳಲ್ಲಿ ಗಿಟಾರ್ ಹಿಡಿದು ಹಾಡುತ್ತ ಆಕೆ ಕೆಲವು ವರ್ಷ ಕಳೆದಳು. ಆಗಿನ ಹೆಸರು ಲಿಜ್ಜಿ ಗ್ರ್ಯಾಂಟ್. 2010ರ ಆರಂಭದಲ್ಲಿ ಒಂದು ಆಲ್ಬಮ್ ಡಿಜಿಟಲ್ ರೂಪದಲ್ಲಿ ಬಂತು, ಕೆಲವೇ ತಿಂಗಳಲ್ಲಿ ಮಾರಾಟದಿಂದ ಮಾಯವೂ ಆಯಿತು. ಅದನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಮುಂದೆ ಆದ ರಾದ್ಧಾಂತಕ್ಕೆ ಬೀಜ ಬಿದ್ದದ್ದು ಈ ಮಾಯವಾದ ಆಲ್ಬಮ್‌ನಲ್ಲೇ.

2011ರಲ್ಲಿ 'ವಿಡಿಯೊ ಗೇಮ್ಸ್' ಬಂತು. ಆ ವರ್ಷ ರೇಡಿಯೊದಲ್ಲಿ ಏನಿತ್ತು ಎಂಬುದನ್ನು ನೆನಪಿಸಿಕೊಂಡರೆ ಈ ಹಾಡು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕು ಎಂದು ಗೊತ್ತಾಗುತ್ತದೆ. ಎಲ್‌ಎಂಎಫ್‌ಎಒ ತಂಡದ ಪಾರ್ಟಿ ಹಾಡು, ಕೇಟಿ ಪೆರ್ರಿ, ಲೇಡಿ ಗಾಗಾ. ಎಲ್ಲವೂ ವೇಗ, ಎಲ್ಲವೂ ಹಬ್ಬ. ಅದರ ನಡುವೆ ನಾಲ್ಕೂವರೆ ನಿಮಿಷಕ್ಕೂ ಉದ್ದದ ನಿಧಾನದ ಹಾಡು. ಕುಣಿಸುವ ಬೀಟ್ ಇಲ್ಲ. ಹಾರ್ಪ್, ಪಿಯಾನೊ, ಪಿಟೀಲುಗಳ ಗುಂಪು, ಮೇಲೆ ಅರ್ಧ ನಿದ್ದೆಯಲ್ಲಿ ಎದ್ದು ಹಾಡಿದಂಥ ಕೆಳದನಿ. ವಿಡಿಯೊವನ್ನು ಆಕೆ ತಾನೇ ಜೋಡಿಸಿದ್ದಳು: ವೆಬ್‌ಕ್ಯಾಮ್ ಮುಂದೆ ಕೂತು ತೆಗೆದ ತುಣುಕುಗಳು, ಹಳೆಯ ಸಿನಿಮಾ ರೀಲುಗಳಂಥ ದೃಶ್ಯಗಳು. ಲಕ್ಷಗಟ್ಟಲೆ ಜನ ನೋಡಿದರು. ಯಾವ ದೊಡ್ಡ ಕಂಪನಿಯ ನೆರವೂ ಇಲ್ಲದೆ ತಮ್ಮ ಕೋಣೆಯಲ್ಲಿ ತಾವೇ ಕಂಡುಹಿಡಿದ ಗಾಯಕಿ ಈಕೆ ಎಂದು ಅವರಲ್ಲಿ ಬಹಳ ಮಂದಿ ನಂಬಿದರು.

ಆ ನಂಬಿಕೆ ಒಡೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಲಿಜ್ಜಿ ಗ್ರ್ಯಾಂಟ್ ಕಾಲದ ಹಳೆಯ ವಿಡಿಯೊಗಳು ಹೊರಬಂದವು. ಅಲ್ಲಿ ಕೂದಲಿನ ಬಣ್ಣ ಬೇರೆ, ಬಟ್ಟೆ ಬೇರೆ, ಹಾಡುವ ರೀತಿಯೂ ಬೇರೆ. ತಂದೆ ಇಂಟರ್ನೆಟ್ ಡೊಮೇನ್ ಹೆಸರುಗಳ ವ್ಯವಹಾರ ಮಾಡುವವರು ಎಂಬುದು ಗೊತ್ತಾಯಿತು. ಇಂಟರ್‌ಸ್ಕೋಪ್‌ನಂಥ ದೊಡ್ಡ ಕಂಪನಿಯ ಜೊತೆ ಕರಾರು ಆಗಿದೆ ಎಂದೂ ತಿಳಿಯಿತು. ಶುರುವಾಯಿತು ನೋಡಿ: ಹೆಸರು ನಕಲಿ, ತುಟಿ ನಕಲಿ, ಬಡತನ ನಕಲಿ, ದುಃಖವೂ ನಕಲಿ. ಹಿಪ್‌ಸ್ಟರ್ ರನ್‌ಆಫ್ ಎಂಬ ಜಾಲತಾಣವಂತೂ ಆಕೆಯನ್ನು ಆಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡಿತು. ಗಮನಿಸಬೇಕಾದ್ದು ಇಷ್ಟು. ಇದೆಲ್ಲ ನಡೆದಾಗ ಆಲ್ಬಮ್ ಇನ್ನೂ ಬಂದೇ ಇರಲಿಲ್ಲ.

ಕನ್ನಡದವರಾದ ನಮಗೆ ಈ ಹೆಸರಿನ ತಕರಾರು ಅರ್ಥವೇ ಆಗಲಿಲ್ಲ. ಸಿಂಗಾನಲ್ಲೂರಿನ ಮುತ್ತುರಾಜ 'ಬೇಡರ ಕಣ್ಣಪ್ಪ'ದ ಹೊತ್ತಿಗೆ ರಾಜಕುಮಾರ್ ಆದರು. ಸಂಪತ್ ಕುಮಾರ್ 'ನಾಗರಹಾವು' ಬಂದಾಗ ವಿಷ್ಣುವರ್ಧನ್ ಆದರು. ಬೇಂದ್ರೆಯವರು ಅಂಬಿಕಾತನಯದತ್ತ ಎಂದು ಬರೆದರು. ಯಾರಾದರೂ ಇವರನ್ನು ನಕಲಿ ಎಂದದ್ದುಂಟೇ? ಅಮೆರಿಕದಲ್ಲೇ ರಾಬರ್ಟ್ ಜಿಮ್ಮರ್‌ಮನ್ ಎಂಬ ಹುಡುಗ ಬಾಬ್ ಡಿಲನ್ ಆದ, ತನ್ನ ಬಾಲ್ಯದ ಬಗ್ಗೆ ಪತ್ರಕರ್ತರಿಗೆ ಕಟ್ಟುಕಥೆಗಳನ್ನೂ ಹೇಳಿದ. ಅವನ ವಿಷಯದಲ್ಲಿ ಅದು ಪ್ರತಿಭೆಯ ಲಕ್ಷಣವಾಯಿತು. ಹುಡುಗಿಯ ವಿಷಯದಲ್ಲಿ ಮೋಸವಾಯಿತು. ನಮ್ಮ ಗುಂಪಿನ 'ವೇಷ' ವಾದದವಳು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, ಡಿಲನ್ ವೇಷವೂ ನನಗೆ ಇಷ್ಟವಿಲ್ಲ ಎಂದಳು. ಅದು ನ್ಯಾಯವೇ.

2012ರ ಜನವರಿ 14. ಆಲ್ಬಮ್ ಬಿಡುಗಡೆಗೆ ಇನ್ನೂ ಎರಡು ವಾರ. 'ಸ್ಯಾಟರ್ಡೆ ನೈಟ್ ಲೈವ್' ಕಾರ್ಯಕ್ರಮದಲ್ಲಿ ಆಕೆ ಬಿಳಿ ಉಡುಪಿನಲ್ಲಿ ನಿಂತು 'ವಿಡಿಯೊ ಗೇಮ್ಸ್' ಮತ್ತು 'ಬ್ಲೂ ಜೀನ್ಸ್' ಹಾಡಿದಳು. ಈಗಲೂ ಆ ತುಣುಕು ಸಿಗುತ್ತದೆ, ನಾವು ಕೂತು ನೋಡಿದೆವು. ದನಿ ಒಮ್ಮೆ ಪಾತಾಳಕ್ಕೆ ಇಳಿಯುತ್ತದೆ, ಒಮ್ಮೆ ಎಲ್ಲಿಗೋ ಜಾರುತ್ತದೆ. ಕೈಗಳನ್ನು ಎಲ್ಲಿಡಬೇಕೆಂದು ಆಕೆಗೆ ಗೊತ್ತಾಗುತ್ತಿಲ್ಲ. ನಡುನಡುವೆ ಸುಮ್ಮನೆ ಒಂದು ಸುತ್ತು ತಿರುಗುತ್ತಾಳೆ. ಚೆನ್ನಾಗಿಲ್ಲ, ಒಪ್ಪೋಣ. ಊರ ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಸಲ ಮೈಕ್ ಹಿಡಿದವರಿಗೆ ಆಗುವ ಗಾಬರಿ ಅದು. ಆದರೆ ಮರುದಿನ ಎದ್ದ ಗದ್ದಲ ಗಾಬರಿಗೆ ತಕ್ಕದ್ದಾಗಿರಲಿಲ್ಲ. ಅದೇ ಎನ್‌ಬಿಸಿ ವಾಹಿನಿಯ ಸುದ್ದಿ ನಿರೂಪಕ ಬ್ರಯಾನ್ ವಿಲಿಯಮ್ಸ್, ಆ ಕಾರ್ಯಕ್ರಮದ ಇತಿಹಾಸದಲ್ಲೇ ಇಂಥ ಕಳಪೆ ಗಾಯನ ಕಡಿಮೆ ಎಂಬರ್ಥದಲ್ಲಿ ಬರೆದ ಇ-ಮೇಲ್ ಬಯಲಾಗಿ ಸುದ್ದಿಯಾಯಿತು. ಆ ದಿನದ ಅತಿಥಿ ನಿರೂಪಕ, 'ಹ್ಯಾರಿ ಪಾಟರ್' ಖ್ಯಾತಿಯ ಡೇನಿಯಲ್ ರ‍್ಯಾಡ್‌ಕ್ಲಿಫ್ ಮಾತ್ರ ಆಕೆಯ ಪರ ಮಾತಾಡಿದ. ಜನ ಸಿಟ್ಟಾಗಿರುವುದು ಹಾಡಿಗಿಂತ ಆಕೆಯ ಹಿನ್ನೆಲೆಯ ಬಗ್ಗೆ ಎಂದು ಅವನಿಗೆ ಅನ್ನಿಸಿತ್ತು. ಫೆಬ್ರವರಿಯಲ್ಲಿ ಅದೇ ಕಾರ್ಯಕ್ರಮದಲ್ಲಿ ಕ್ರಿಸ್ಟನ್ ವಿಗ್ ಎಂಬ ಹಾಸ್ಯನಟಿ ಲಾನಾಳ ವೇಷ ಹಾಕಿ ಬಂದು ಇಡೀ ಗದ್ದಲವನ್ನೇ ಅಣಕಿಸಿದಳು.

ಜನವರಿ ಕೊನೆಯಲ್ಲಿ ಆಲ್ಬಮ್ ಬಂತು. ಹನ್ನೆರಡು ಹಾಡು. ಸಿನಿಮಾ ಸಂಗೀತದಂಥ ಪಿಟೀಲುಗಳ ಕೆಳಗೆ ಹಿಪ್-ಹಾಪ್‌ನ ಡ್ರಮ್ಮು. ಕೆಟ್ಟ ಗಂಡಸರು, ದುಡ್ಡು, ಬೇಸಿಗೆ, ಸಾವು. 'ರೋಲಿಂಗ್ ಸ್ಟೋನ್' ಐದರಲ್ಲಿ ಎರಡು ನಕ್ಷತ್ರ ಕೊಟ್ಟಿತು. 'ಪಿಚ್‌ಫೋರ್ಕ್' ಹತ್ತಕ್ಕೆ 5.5 ಕೊಟ್ಟಿತು. 'ನ್ಯೂಯಾರ್ಕ್ ಟೈಮ್ಸ್' ವಿಮರ್ಶಕರಂತೂ ಮುಖದ ಬಣ್ಣ ತೊಳೆದುಕೊಂಡು ಕೆಲವು ವರ್ಷ ಬಿಟ್ಟು ಬಾ ಎಂಬ ಧಾಟಿಯಲ್ಲಿ ಬರೆದರು. ಇಂಗ್ಲೆಂಡಿನಲ್ಲಿ ಮೆಚ್ಚಿದವರು ಹೆಚ್ಚು. ಫೆಬ್ರವರಿಯಲ್ಲಿ ಅಲ್ಲಿನ ಬ್ರಿಟ್ ಪ್ರಶಸ್ತಿಯೂ, ಆಮೇಲೆ 'ವಿಡಿಯೊ ಗೇಮ್ಸ್'ಗೆ ಹಾಡು ಬರೆಯುವವರಿಗೆ ಕೊಡುವ ಐವರ್ ನೊವೆಲ್ಲೊ ಪ್ರಶಸ್ತಿಯೂ ಬಂದವು.

ವಿಮರ್ಶೆಗಳಲ್ಲಿ ಎಲ್ಲವೂ ಅನ್ಯಾಯವಾಗಿತ್ತು ಎಂದರೆ ಅದೂ ಸುಳ್ಳಾಗುತ್ತದೆ. ಆಲ್ಬಮ್‌ನ ದ್ವಿತೀಯಾರ್ಧದಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ ಎಂಬ ದೂರು ನಮಗೂ ಸರಿ ಎನಿಸಿತು. ಗಂಡಿನ ಕಾಲಬುಡದಲ್ಲಿ ಕೂತು ಸುಖಪಡುವ ಹೆಣ್ಣನ್ನು ಇಷ್ಟು ಚಂದವಾಗಿ ಹಾಡಿದರೆ ಹದಿನಾರರ ಹುಡುಗಿಯರು ಅದನ್ನು ಏನೆಂದು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಗಂಭೀರವಾದದ್ದು, ಇವತ್ತಿಗೂ ಇತ್ಯರ್ಥವಾಗಿಲ್ಲ. 2020ರಲ್ಲಿ ಈ ಟೀಕೆಗೆ ಉತ್ತರವಾಗಿ ಲಾನಾಳೇ ಬರೆದ ಒಂದು ಪತ್ರದಲ್ಲಿ, ಅವರಿಗಿಲ್ಲದ ತಕರಾರು ನನಗೇಕೆ ಎಂದು ಬೇರೆ ಗಾಯಕಿಯರ ಹೆಸರು ಎತ್ತಿದಳು. ಅವರಲ್ಲಿ ಹೆಚ್ಚಿನವರು ಬಿಳಿಯರಲ್ಲದವರು. ಅದು ಬೇರೆಯೇ ಕಿಚ್ಚು ಹಚ್ಚಿತು, ಹಚ್ಚಬೇಕಾದ್ದೇ. ನಮಗೆ ಬೇಸರವಾದದ್ದು ಇಂಥ ಪ್ರಶ್ನೆಗಳ ಬಗ್ಗೆ ಅಲ್ಲ. 2012ರ ಬಹಳಷ್ಟು ಬರಹಗಳು ಅಲ್ಲಿಗೆ ತಲುಪುವ ಮೊದಲೇ ತುಟಿ ಮತ್ತು ತಂದೆಯ ವಿಷಯದಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿವೆ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ಓದುವಾಗ ಒಮ್ಮೆ ಜನಪದ ಹಾಡು ರೆಕಾರ್ಡ್ ಮಾಡಲು ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲೊಬ್ಬ ಅಜ್ಜಿ ಸೋಬಾನೆ ಪದ ಹೇಳುತ್ತ ನಡುವೆ ಸಿನಿಮಾ ಧಾಟಿಗೆ ಹೊರಳಿದರು. ನಾವು ಕ್ಯಾಮೆರಾ ನಿಲ್ಲಿಸಿ, 'ಅದು ಬೇಡ ಅಜ್ಜಿ, ಹಳೇದು ಹೇಳಿ' ಎಂದೆವು. 'ಇದೂ ನಂದೇ ಕಣಪ್ಪ, ನಾನೇ ಕಟ್ಟಿದ್ದು' ಎಂದರು ಅಜ್ಜಿ. ನಾವು ಕೇಳಲಿಲ್ಲ. ಹಾಡುವವರು ಹೇಗಿದ್ದರೆ ಅಸಲಿ ಎಂದು ಊರಿಂದ ಹೊರಡುವಾಗಲೇ ತೀರ್ಮಾನಿಸಿಕೊಂಡು ಹೋಗಿದ್ದೆವು. ಅಜ್ಜಿಯ ಆ ಹಾಡು ನಮ್ಮ ಹತ್ತಿರ ಇಲ್ಲ.

ಮತ್ತೆ ಆಲ್ಬಮ್‌ಗೆ ಬರೋಣ. ವಿಮರ್ಶಕರ ಮಾತು ಕಾಗದದಲ್ಲಿ ಉಳಿಯುತ್ತದೆ, ಸಾಮಾನ್ಯ ಕೇಳುಗರದ್ದು ಎಲ್ಲಿ ಉಳಿಯುತ್ತದೆ? ಆಕಾಶವಾಣಿಗೆ ಕಾರ್ಡು ಬರೆಯುತ್ತಿದ್ದ ಕಾಲದಲ್ಲಾದರೆ ಕೋರಿಕೆ ಕಾರ್ಯಕ್ರಮದಲ್ಲಿ ಊರು ಮತ್ತು ಹೆಸರು ಓದುತ್ತಿದ್ದರು. ಈಗ ಉಳಿಯುವುದು ಅಂಕಿ ಮಾತ್ರ. ಮೊದಲ ವಾರ ಅಮೆರಿಕದಲ್ಲಿ ಸುಮಾರು 77,000 ಪ್ರತಿ ಮಾರಾಟವಾಗಿ, ಅಡೆಲ್‌ಳ '21' ಆಲ್ಬಮ್‌ನ ಹಿಂದೆ ಎರಡನೇ ಸ್ಥಾನ ಸಿಕ್ಕಿತು. ಬ್ರಿಟನ್ನಿನಲ್ಲಿ ಮೊದಲ ಸ್ಥಾನ. ವರ್ಷದ ಕೊನೆಗೆ ಜಗತ್ತಿನಾದ್ಯಂತ 34 ಲಕ್ಷ ಪ್ರತಿ ಮಾರಾಟವಾಗಿ, ಆ ವರ್ಷ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಐದನೆಯದಾಗಿತ್ತು.

ಗದ್ದಲ ನೋಡಲು ಬಂದವರೂ ಕೊಳ್ಳುತ್ತಾರೆ, ಅದರಿಂದೇನೂ ಸಾಬೀತಾಗುವುದಿಲ್ಲ ಎಂದು ನಮ್ಮ ನಿದ್ದೆಯ ಗೆಳೆಯ ವಾದಿಸಿದ. ಸರಿಯಾದ ವಾದವೇ. ಆದರೆ ಮುಂದಿನ ಅಂಕಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 'ಬಾರ್ನ್ ಟು ಡೈ' ಬಿಲ್‌ಬೋರ್ಡ್‌ನ 200 ಆಲ್ಬಮ್‌ಗಳ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ವಾರ ಇದ್ದಿದೆ. ಮಹಿಳೆಯರ ಆಲ್ಬಮ್‌ಗಳಲ್ಲಿ ಇದಕ್ಕಿಂತ ಮೊದಲು ಆ ಗಡಿ ದಾಟಿದ್ದು ಅಡೆಲ್‌ಳ '21' ಒಂದೇ. ಇದರ ಹಿಂದೆ ಒಂದು ಲೆಕ್ಕಾಚಾರವೂ ಇದೆ. 2014ರ ಡಿಸೆಂಬರ್‌ವರೆಗೆ ಆ ಪಟ್ಟಿ ನೋಡುತ್ತಿದ್ದದ್ದು ಮಾರಾಟವನ್ನು. ಒಮ್ಮೆ ಕೊಂಡು ಬೀರುವಿನಲ್ಲಿಟ್ಟರೂ ಒಂದೇ, ಸಾವಿರ ಸಲ ಕೇಳಿದರೂ ಒಂದೇ. ಆಮೇಲೆ ಸ್ಟ್ರೀಮಿಂಗನ್ನೂ ಸೇರಿಸಿ, 1500 ಸಲ ಹಾಡು ಕೇಳಿದರೆ ಒಂದು ಆಲ್ಬಮ್ ಮಾರಿದಂತೆ ಎಂದು ಲೆಕ್ಕ ಹಿಡಿದರು. ಅಂದರೆ ಮೊದಲ ಸಲ ಪತ್ರಿಕೆಗಳು ಗಮನಿಸದ ಕೇಳುಗರು ಲೆಕ್ಕಕ್ಕೆ ಬಂದರು: ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ಹಾಡನ್ನು ಮತ್ತೆ ಮತ್ತೆ ಹಾಕುವವರು.

ಅವರಲ್ಲಿ ದೊಡ್ಡ ಪಾಲು ಹದಿಹರೆಯದ ಹುಡುಗಿಯರು. 2012ರಿಂದಲೇ ಟಂಬ್ಲರ್‌ನಲ್ಲಿ ಲಾನಾಳ ಚಿತ್ರ, ಹೂವಿನ ಕಿರೀಟ, ಹಾಡಿನ ಸಾಲುಗಳನ್ನು ಹಂಚುತ್ತ ತಮ್ಮದೇ ಒಂದು ಲೋಕ ಕಟ್ಟಿಕೊಂಡವರು. ಆಕೆ ಅಸಲಿಯೋ ಎಂಬ ಪ್ರಶ್ನೆ ಅವರನ್ನು ಕಾಡಿದಂತೆ ಕಾಣುವುದಿಲ್ಲ. ವೇಷ ಎಂದು ಗೊತ್ತಿದ್ದೇ ಇಷ್ಟಪಟ್ಟರು. ಯಕ್ಷಗಾನ ನೋಡುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಹಚ್ಚಿದ ಮುಖದಲ್ಲಿ ಅಳು ಬಂದರೆ ನೋಡುವವರಿಗೂ ಅಳು ಬರುತ್ತದೆ.

2013ರಲ್ಲಿ ಸೆಡ್ರಿಕ್ ಜರ್ವೇ ಎಂಬ ಫ್ರೆಂಚ್ ಡಿಜೆ 'ಸಮ್ಮರ್‌ಟೈಮ್ ಸ್ಯಾಡ್‌ನೆಸ್' ಹಾಡಿಗೆ ಕುಣಿತದ ಬೀಟ್ ಹಾಕಿದ. ಅದು ಅಮೆರಿಕದ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಏರಿ, ಅವನಿಗೆ ಗ್ರ್ಯಾಮಿ ತಂದುಕೊಟ್ಟಿತು. ನಮ್ಮಲ್ಲಿ ಮೂವರು ಲಾನಾಳನ್ನು ಮೊದಲು ಕೇಳಿದ್ದು ಈ ರೂಪದಲ್ಲೇ, ಕಾಲೇಜು ಫೆಸ್ಟಿನ ಸ್ಪೀಕರ್‌ಗಳಲ್ಲಿ, ಪದ ಒಂದೂ ಅರ್ಥವಾಗದೆ. ಎಷ್ಟೋ ದಿನದ ಮೇಲೆ ಮೂಲ ಹಾಡು ಸಿಕ್ಕಾಗ ಇದು ಇಷ್ಟು ನಿಧಾನವೇ ಎಂದು ಫೋನ್ ಕೆಟ್ಟಿದೆಯೋ ನೋಡಿದ್ದುಂಟು.

ಪತ್ರಿಕೆಗಳ ದನಿ ನಿಧಾನಕ್ಕೆ ಬದಲಾಯಿತು. 2014ರ 'ಅಲ್ಟ್ರಾವಯಲೆನ್ಸ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. 2019ರ ಆಲ್ಬಮ್‌ಗೆ ಪಿಚ್‌ಫೋರ್ಕ್ 9.4 ಕೊಟ್ಟಿತು, ಅದು ವರ್ಷದ ಆಲ್ಬಮ್ ವಿಭಾಗದಲ್ಲಿ ಗ್ರ್ಯಾಮಿಗೂ ನಾಮನಿರ್ದೇಶನಗೊಂಡಿತು. ಅದೇ ವರ್ಷದ ಕೊನೆಗೆ ಟೇಲರ್ ಸ್ವಿಫ್ಟ್ ಒಂದು ಪ್ರಶಸ್ತಿ ಭಾಷಣದಲ್ಲಿ, ಆರಂಭದಲ್ಲಿ ನಿರ್ದಯವಾಗಿ ಟೀಕೆಗೆ ಗುರಿಯಾದ ಈಕೆಯೇ ಪಾಪ್ ಸಂಗೀತದಲ್ಲಿ ಅತ್ಯಂತ ಪ್ರಭಾವ ಬೀರಿದವಳು ಎಂಬರ್ಥದ ಮಾತು ಹೇಳಿದಳು. 2021ರ ಅಕ್ಟೋಬರ್‌ನಲ್ಲಿ ಪಿಚ್‌ಫೋರ್ಕ್ ತನ್ನ ಹಳೆಯ ಅಂಕಗಳಲ್ಲಿ ಕೆಲವನ್ನು ಮರುಪರಿಶೀಲಿಸಿದಾಗ 'ಬಾರ್ನ್ ಟು ಡೈ' 5.5ರಿಂದ 7.8ಕ್ಕೆ ಏರಿತು. ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಕೋಚೆಲ್ಲಾ ಉತ್ಸವದ ವೇದಿಕೆಗೆ ಲಾನಾ ಬಿಲ್ಲಿ ಐಲಿಷ್‌ಳನ್ನು ಕರೆದಳು. 'ವಿಡಿಯೊ ಗೇಮ್ಸ್' ಬಂದಾಗ ಬಿಲ್ಲಿಗೆ ಒಂಬತ್ತು ವರ್ಷ. ಪಿಸುದನಿಯ ಮಂಕು ಹಾಡುಗಳಿಂದಲೇ ಹೆಸರು ಮಾಡಿದ ಈ ಹುಡುಗಿ ಲಾನಾಳ ಪಕ್ಕ ಕೂತು ಅದೇ 'ವಿಡಿಯೊ ಗೇಮ್ಸ್' ಹಾಡಿದಳು. ಜನ ಅವರಿಬ್ಬರ ಜೊತೆ ಹಾಡುವುದು ಆ ವಿಡಿಯೊದಲ್ಲಿ ಕೇಳಿಸುತ್ತದೆ.

ನಮ್ಮ ಜಗಳ ಇನ್ನೂ ಮುಗಿದಿಲ್ಲ. ನಿದ್ದೆಯ ಗೆಳೆಯ ಇಡೀ ಆಲ್ಬಮ್ ಮತ್ತೊಮ್ಮೆ ಕೇಳಿ, ಆರನೇ ಹಾಡಿನವರೆಗೆ ಎಚ್ಚರವಿದ್ದೆ ಎಂದು ವರದಿ ಒಪ್ಪಿಸಿದ್ದಾನೆ.